ಸಿಬಿಸಿ ರಿಪೋರ್ಟಿನ ಭಾಗಾಕಾರ: ಲಿಂಫೋಮಾದಲ್ಲಿ ರಕ್ತಕಣಗಳ ಅನುಪಾತ

(ಲ್ಯಾಬ್ ತಂತ್ರಜ್ಞರು, ನರ್ಸ್‌ಗಳು, ಲಿಂಫೋಮಾ ರೋಗಿಗಳು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎನ್‌ಎಲ್‌ಆರ್, ಅಂದರೆ ರಕ್ತದ ಎರಡು ಬಗೆಯ ಬಿಳಿ ಕಣಗಳ ಅನುಪಾತ. ಈ ಮೂರಕ್ಷರ ನಮ್ಮ ಜನರ ಬಾಯಿಗೆ ಬಂದಿದ್ದು ಕೊರೊನಾ ಕಾಲದಲ್ಲಿ. 2020, 2021ರಲ್ಲಿ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ರಕ್ತದ ರಿಪೋರ್ಟ್‌ಗಳು ಓಡಾಡುತ್ತಿದ್ದವು. "ಮಾವಂದು ಎನ್‌ಎಲ್‌ಆರ್ ಎಷ್ಟು ಬಂತು?" ಅಂತ ಕೇಳುವವರಿದ್ದರು. ಕೊರೊನಾದ ಗಲಾಟೆ ಮುಗಿಯಿತು, ಆದರೆ ಆ ಲೆಕ್ಕ ಉಳಿದುಕೊಂಡಿತು. ಕೆಲವು ಲ್ಯಾಬ್‌ಗಳು ಈಗಲೂ ಸಿಬಿಸಿಯ, ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟಿನ, ಕೊನೇ ಸಾಲಿನಲ್ಲಿ ಅದನ್ನು ಪ್ರಿಂಟ್ ಮಾಡಿ ಕೊಡುತ್ತವೆ. ಮನೆಯಲ್ಲಿ ಒಬ್ಬರಿಗೆ ಲಿಂಫೋಮಾ, ಅಂದರೆ ಲಿಂಫೋಸೈಟ್ ಅನ್ನೋ ಬಿಳಿ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್, ಅಂತ ಗೊತ್ತಾದ ಮೇಲೆ ಯಾರಾದರೂ ಒಬ್ಬರು ರಾತ್ರಿ ಕೂತು ಆ ಸಾಲನ್ನು ಗೂಗಲ್ ಮಾಡುತ್ತಾರೆ. "ಜಾಸ್ತಿ ಇದ್ದವರು ಬದುಕುಳಿಯುವುದು ಕಡಿಮೆ" ಅನ್ನೋ ಅರ್ಥದ್ದೇನೋ ಕಾಣುತ್ತದೆ. ಅಲ್ಲಿಗೆ ಆವತ್ತಿನ ನಿದ್ದೆ ಹೋಯಿತು.

ಗೂಗಲ್ ಹೇಳಿದ್ದು ಸುಳ್ಳು ಅನ್ನೋಕೆ ನಾನು ಬಂದಿಲ್ಲ. ಆ ಲೆಕ್ಕದಲ್ಲಿ ನಿಜ ಇದೆ. ಆ ನಿಜ ನೂರಾರು ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವಂಥದ್ದು. ಒಬ್ಬರ ಕೈಯಲ್ಲಿರುವ ಒಂದು ರಿಪೋರ್ಟಿಗೆ ಅದನ್ನು ತಂದು ಹಚ್ಚಿದರೆ ಎಷ್ಟು ಉಳಿಯುತ್ತದೆ, ಎಷ್ಟು ಸೋರಿ ಹೋಗುತ್ತದೆ? ಇವತ್ತು ಅದನ್ನೇ ನೋಡೋಣ.

ಮೊದಲು ರಿಪೋರ್ಟ್ ತೆಗೆದುಕೊಳ್ಳೋಣ. ನಾನೇ ಹಾಕಿಕೊಂಡ ಉದಾಹರಣೆ ಇದು, ಯಾರ ರಿಪೋರ್ಟೂ ಅಲ್ಲ. ಟೋಟಲ್ ಕೌಂಟ್ 9,000. ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅಷ್ಟು ಬಿಳಿ ರಕ್ತಕಣ. ಡಿಫರೆನ್ಶಿಯಲ್ ಕೌಂಟಿನಲ್ಲಿ, ಅಂದರೆ ಬಿಳಿ ಕಣಗಳ ಬಗೆವಾರು ಲೆಕ್ಕದಲ್ಲಿ, ನ್ಯೂಟ್ರೋಫಿಲ್ ಶೇ. 72, ಲಿಂಫೋಸೈಟ್ ಶೇ. 16, ಮೊನೊಸೈಟ್ ಶೇ. 8, ಇಯೋಸಿನೋಫಿಲ್ 3, ಬೇಸೋಫಿಲ್ 1. ಪ್ಲೇಟ್‌ಲೆಟ್ 3.6 ಲಕ್ಷ.

ನ್ಯೂಟ್ರೋಫಿಲನ್ನು ಲಿಂಫೋಸೈಟ್‌ನಿಂದ ಭಾಗಿಸಿ: 72ನ್ನು 16ರಿಂದ ಭಾಗಿಸಿದರೆ 4.5. ಇದು ಎನ್‌ಎಲ್‌ಆರ್. ಲಿಂಫೋಸೈಟನ್ನು ಮೊನೊಸೈಟ್‌ನಿಂದ ಭಾಗಿಸಿ: 16ನ್ನು 8ರಿಂದ, ಬಂತು 2. ಇದು ಎಲ್‌ಎಂಆರ್. ಮೂರನೇದು ಪಿಎಲ್‌ಆರ್, ಪ್ಲೇಟ್‌ಲೆಟ್ ಮತ್ತು ಲಿಂಫೋಸೈಟ್‌ದು. ಅದಕ್ಕೆ ಶೇಕಡಾ ಲೆಕ್ಕ ಸಾಲದು, ಲಿಂಫೋಸೈಟಿನ ನಿಜವಾದ ಸಂಖ್ಯೆ ಬೇಕು. 9,000ದಲ್ಲಿ ಶೇ. 16 ಅಂದರೆ 1,440. ಮೂರು ಲಕ್ಷದ ಅರವತ್ತು ಸಾವಿರವನ್ನು ಅದರಿಂದ ಭಾಗಿಸಿದರೆ 250. ಲಿಂಫೋಮಾದಲ್ಲಿ ಪಿಎಲ್‌ಆರ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಆರನೇ ಕ್ಲಾಸಿನ ಹುಡುಗಿ ಮಾಡುವ ಲೆಕ್ಕ ಅಲ್ವಾ? ಹೊಸ ಟೆಸ್ಟ್ ಬೇಡ, ಹೊಸ ಮೆಷೀನ್ ಬೇಡ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ಸಾಕು. ಮೈಯೊಳಗೆ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ತೋರಿಸುವ ಪೆಟ್ ಸ್ಕ್ಯಾನಿಗೆ ಸಾವಿರಾರು ರೂಪಾಯಿ ಎಣಿಸಬೇಕು, ಊರು ಬಿಟ್ಟು ಊರಿಗೆ ಹೋಗಬೇಕು. ಸಿಬಿಸಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಈ ಅನುಪಾತಗಳ ಮೇಲೆ ಪ್ರಪಂಚದಾದ್ಯಂತ ರಾಶಿ ರಾಶಿ ಪೇಪರ್ ಬಂದಿರುವುದಕ್ಕೆ ಇದೂ ಒಂದು ಕಾರಣ. ಹಳೇ ಫೈಲುಗಳಲ್ಲಿ ಎಲ್ಲರ ಸಿಬಿಸಿ ಇದ್ದೇ ಇರುತ್ತದೆ. ಕಂಪ್ಯೂಟರ್ ಮುಂದೆ ಕೂತರೆ ಅಧ್ಯಯನ ಶುರು. ಖರ್ಚಿಲ್ಲದೆ ಸಿಗುವ ಮಾಹಿತಿಯ ಮೇಲೆ ಪೇಪರ್ ಜಾಸ್ತಿ ಬರುತ್ತದೆ, ಅದರಲ್ಲಿ ಜೊಳ್ಳೂ ಜಾಸ್ತಿ ಇರುತ್ತದೆ. ಈ ಮಾತನ್ನು ಮುಂದೆ ಗೆರೆಗಳ ವಿಷಯಕ್ಕೆ ಬಂದಾಗ ನೆನಪಿಟ್ಟುಕೊಳ್ಳಿ.

ಇನ್ನು ಈ ಭಾಗಾಕಾರದೊಳಗೆ ಒಂದು ಬಲೆ ಇದೆ. ಇನ್ನೊಬ್ಬ ರೋಗಿಯ ಟೋಟಲ್ ಕೌಂಟ್ ಬರೀ 3,000 ಅಂದುಕೊಳ್ಳಿ. ಶೇಕಡಾ ಮಾತ್ರ ಅದೇ: ನ್ಯೂಟ್ರೋಫಿಲ್ 72, ಲಿಂಫೋಸೈಟ್ 16. ಎನ್‌ಎಲ್‌ಆರ್ ಎಷ್ಟು? ಅದೇ 4.5. ಆದರೆ ಈ ರೋಗಿಯ ರಕ್ತದಲ್ಲಿ ಲಿಂಫೋಸೈಟ್ ಇರುವುದು 480 ಮಾತ್ರ. ಮೊದಲನೆಯವರಿಗೆ 1,440 ಇತ್ತು. ಭಾಗಿಸುವಾಗ ಟೋಟಲ್ ಕೌಂಟ್ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಜೊತೆಗೆ ನಮಗೆ ಬೇಕಾಗಿದ್ದ ಸುದ್ದಿಯೂ ಹೋಗುತ್ತದೆ. ಅನುಪಾತ ನೋಡುವವರು ಟೋಟಲ್ ಕೌಂಟ್ ನೋಡದೇ ಬಿಟ್ಟರೆ ಈ ಇಬ್ಬರೂ ಒಂದೇ ಥರ ಕಾಣುತ್ತಾರೆ.

480 ಅನ್ನೋ ಸಂಖ್ಯೆಗೆ ಯಾಕೆ ಇಷ್ಟು ಒತ್ತು ಕೊಟ್ಟೆ ಅಂದರೆ, ಲಿಂಫೋಮಾದ ಒಂದು ಬಗೆಯಾದ ಹಾಜ್‌ಕಿನ್ ಲಿಂಫೋಮಾದಲ್ಲಿ ಲಿಂಫೋಸೈಟ್ 600ಕ್ಕಿಂತ ಕಡಿಮೆ ಇರುವುದಕ್ಕೆ 1998ರಿಂದಲೂ ಒಂದು ಅರ್ಥ ಇದೆ. ಆ ವರ್ಷ ಹಾಸೆನ್‌ಕ್ಲೆವರ್ ಮತ್ತು ಡೀಲ್ ಅನ್ನೋ ಜರ್ಮನ್ ತಜ್ಞರು ಬೇರೆ ಬೇರೆ ದೇಶಗಳ 5,141 ರೋಗಿಗಳ ಮಾಹಿತಿ ಒಟ್ಟು ಮಾಡಿ, ಮುಂದುವರಿದ ಹಾಜ್‌ಕಿನ್ ಕಾಯಿಲೆಗೆ ಒಂದು ಸ್ಕೋರ್ ಮಾಡಿದರು. ಐಪಿಎಸ್ ಅಂತ ಅದರ ಹೆಸರು. ಏಳು ಅಂಶ, ಒಂದೊಂದಕ್ಕೆ ಒಂದು ಅಂಕ. ಗಂಡಸು, ವಯಸ್ಸು 45 ಅಥವಾ ಮೇಲೆ, ನಾಲ್ಕನೇ ಹಂತ, ಆಲ್ಬುಮಿನ್ 4 ಗ್ರಾಂಗಿಂತ ಕಡಿಮೆ, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಟೋಟಲ್ ಕೌಂಟ್ 15,000 ಅಥವಾ ಜಾಸ್ತಿ, ಮತ್ತೆ ಲಿಂಫೋಸೈಟ್ 600ಕ್ಕಿಂತ ಅಥವಾ ಶೇ. 8ಕ್ಕಿಂತ ಕಡಿಮೆ. ಈ ಏಳರಲ್ಲಿ ಮೂರು ಸಾಮಾನ್ಯ ಸಿಬಿಸಿಯಲ್ಲೇ ಸಿಗುತ್ತವೆ ನೋಡಿ. ಬಿಳಿ ಕಣ ಏರಿದೆ, ಅದರಲ್ಲಿ ಲಿಂಫೋಸೈಟ್ ಇಳಿದಿದೆ ಅನ್ನುವುದನ್ನು ಒಂದೇ ಸಂಖ್ಯೆಯಲ್ಲಿ ಹೇಳಿದರೆ ಹೆಚ್ಚುಕಡಿಮೆ ಎನ್‌ಎಲ್‌ಆರ್ ಆಗುತ್ತದೆ. ಹಾಗಾಗಿ "ಹೊಸದಾಗಿ ಕಂಡುಹಿಡಿದ ಸೂಚಕ" ಅನ್ನುವ ಸುದ್ದಿಗಳನ್ನು ಓದುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ಈಗ ಯಾಕೆ ಹೀಗೆ ಅನ್ನೋದು. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ಕುತ್ತಿಗೆಯ ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದು ಫಾರ್ಮಲಿನ್‌ನಲ್ಲಿ ನೆನೆದು, ಮೇಣದಲ್ಲಿ ಕೂತು, ತೆಳ್ಳಗೆ ಕತ್ತರಿಸಿಕೊಂಡು, ಬಣ್ಣ ಹಚ್ಚಿಕೊಂಡು ಸ್ಲೈಡ್ ಆಗಿ ಬರುತ್ತದೆ. ಹಾಜ್‌ಕಿನ್ ಲಿಂಫೋಮಾದ ಸ್ಲೈಡನ್ನು ಮೊದಲ ಸಲ ನೋಡುವ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೇಳುವುದು ಒಂದೇ: "ಕ್ಯಾನ್ಸರ್ ಎಲ್ಲಿದೆ?" ಯಾಕಂದರೆ ಕಣ್ಣು ಹಾಯಿಸಿದಲ್ಲೆಲ್ಲ ಸಾಮಾನ್ಯ ಕಣಗಳೇ. ಲಿಂಫೋಸೈಟ್, ಇಯೋಸಿನೋಫಿಲ್, ಪ್ಲಾಸ್ಮಾ ಕಣ, ಮ್ಯಾಕ್ರೋಫೇಜ್. ಅವುಗಳ ಮಧ್ಯೆ ಹುಡುಕಿದರೆ ಅಲ್ಲೊಂದು ಇಲ್ಲೊಂದು ದೊಡ್ಡ ಕಣ. ಎರಡು ನ್ಯೂಕ್ಲಿಯಸ್, ಎರಡರಲ್ಲೂ ಕೆಂಪಗೆ ಎದ್ದು ಕಾಣುವ ಚುಕ್ಕೆ. ಅದೇ ರೀಡ್-ಸ್ಟರ್ನ್‌ಬರ್ಗ್ ಕಣ. ಇಡೀ ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕಣ ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. ಮಿಕ್ಕಿದ್ದೆಲ್ಲ ಅದು ಕರೆಸಿಕೊಂಡ ಜನ.

ಕರೆಸಿಕೊಂಡ ಅಂದದ್ದು ಸುಮ್ನೆ ಅಲ್ಲ. ಆ ಕಣಗಳು ರಾಸಾಯನಿಕ ಸಂದೇಶಗಳನ್ನು ಹೊರಬಿಡುತ್ತವೆ. ಕೆಲವು ಸಂದೇಶ ಪಕ್ಕದ ಕಣಗಳಿಗೆ, ಕೆಲವು ದೂರದ ಅಸ್ಥಿಮಜ್ಜೆಗೆ. ಮಜ್ಜೆ ನ್ಯೂಟ್ರೋಫಿಲ್ ಮತ್ತು ಮೊನೊಸೈಟ್‌ಗಳನ್ನು ಜಾಸ್ತಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತದ ಮೊನೊಸೈಟ್ ಅಂಗಾಂಶದೊಳಗೆ ಇಳಿದರೆ ಮ್ಯಾಕ್ರೋಫೇಜ್ ಆಗುತ್ತದೆ. ಮ್ಯಾಕ್ರೋಫೇಜ್ ಅಂದರೆ ಕಸ ತಿನ್ನುವ ಕಣ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಗಡ್ಡೆಯೊಳಗೆ ಅದರ ಬುದ್ಧಿ ಬದಲಾಗುತ್ತದೆ. ಕ್ಯಾನ್ಸರ್ ಕಣಕ್ಕೆ ಬೆಳೆಯಲು ಬೇಕಾದ್ದನ್ನು ಒದಗಿಸುತ್ತದೆ, ಅದನ್ನು ಕೊಲ್ಲಲು ಬಂದ ಟಿ ಲಿಂಫೋಸೈಟ್‌ಗಳ ಕೈ ಕಟ್ಟುತ್ತದೆ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನ ತಂಡವೊಂದು ಹಾಜ್‌ಕಿನ್ ರೋಗಿಗಳ ಬಯಾಪ್ಸಿಗಳಲ್ಲಿ ಸಿಡಿ68 ಅನ್ನೋ ಗುರುತು ಹಿಡಿದು ಮ್ಯಾಕ್ರೋಫೇಜ್‌ಗಳನ್ನು ಎಣಿಸಿತು. ಅವು ಜಾಸ್ತಿ ಇದ್ದವರಲ್ಲಿ ಚಿಕಿತ್ಸೆ ಸೋಲುವುದೂ ಜಾಸ್ತಿ ಅಂತ ಕಂಡಿತು.

ಇದಾದ ಎರಡು ವರ್ಷಕ್ಕೆ, 2012ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನ ಲೂಯಿಸ್ ಪೊರಾಟಾ ಮತ್ತು ಜೊತೆಗಾರರು 476 ಹಾಜ್‌ಕಿನ್ ರೋಗಿಗಳ ಹಳೇ ರಿಪೋರ್ಟ್ ತೆಗೆದು ಲಿಂಫೋಸೈಟ್-ಮೊನೊಸೈಟ್ ಅನುಪಾತ ನೋಡಿದರು. ಗಂಟಿನ ಒಳಗಿನ ಮ್ಯಾಕ್ರೋಫೇಜ್ ಎಣಿಸಲು ಬಯಾಪ್ಸಿ ಬೇಕು, ವಿಶೇಷ ಬಣ್ಣ ಬೇಕು. ಅದೇ ಸುದ್ದಿಯ ನೆರಳು ರಕ್ತದ ಮೊನೊಸೈಟ್‌ನಲ್ಲಿ ಬಿದ್ದಿರಬಹುದೇ ಅನ್ನೋದು ಪ್ರಶ್ನೆ. ಅನುಪಾತ 1.1ಕ್ಕಿಂತ ಕಡಿಮೆ ಇದ್ದವರ ಫಲಿತಾಂಶ ಕೆಟ್ಟದಾಗಿತ್ತು. ಪೊರಾಟಾ ಈ ದಾರಿಯಲ್ಲಿ ಹಳಬರು. 2001ರಲ್ಲೇ ಅವರ ತಂಡ, ಸ್ವಂತ ಕಾಂಡಕೋಶ ಕಸಿ ಮಾಡಿಸಿಕೊಂಡವರಲ್ಲಿ 15ನೇ ದಿನಕ್ಕೆ ಲಿಂಫೋಸೈಟ್ 500 ಮುಟ್ಟಿದವರು ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿತ್ತು.

ಲಿಂಫೋಸೈಟ್ ಕಡೆಯಿಂದಲೂ ನೋಡಬೇಕು. ಬಿ ಕಣ ಅನ್ನೋದು ಲಿಂಫೋಸೈಟಿನ ಒಂದು ಬಗೆ. ಅದರಲ್ಲಿ ಹುಟ್ಟುವ ಲಿಂಫೋಮಾಗಳಿಗೆ ಕೊಡುವ ರಿಟುಕ್ಸಿಮ್ಯಾಬ್ ಗೊತ್ತಲ್ಲ, ಡ್ರಿಪ್ಪಿನಲ್ಲಿ ನಿಧಾನಕ್ಕೆ ಬಿಡುತ್ತಾರೆ. ಆ ಔಷಧ ಕ್ಯಾನ್ಸರ್ ಕಣದ ಮೇಲೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಕೊಲ್ಲುವ ಕೆಲಸದಲ್ಲಿ ದೊಡ್ಡ ಪಾಲು ನಮ್ಮದೇ ಎನ್‌ಕೆ ಕಣಗಳದ್ದು. ಎನ್‌ಕೆ ಕಣವೂ ಲಿಂಫೋಸೈಟೇ. ರೋಗಿಯ ಲಿಂಫೋಸೈಟ್ ಬರಿದಾಗಿದ್ದರೆ ದುಬಾರಿ ಔಷಧಕ್ಕೂ ಕೆಲಸಗಾರರು ಸಾಲುವುದಿಲ್ಲ. ಇಷ್ಟೆಲ್ಲ ಇರುವುದರಿಂದ ಈ ಅನುಪಾತವನ್ನು ಬರೀ ಗಣಿತದ ಆಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಡ್ಡೆ ಒಂದು ಕಡೆ, ಅದನ್ನು ಹೊತ್ತ ದೇಹ ಇನ್ನೊಂದು ಕಡೆ. ಸ್ಕ್ಯಾನ್ ಗಡ್ಡೆಯ ಅಳತೆ ಕೊಡುತ್ತದೆ. ಸಿಬಿಸಿ ದೇಹ ಅದಕ್ಕೆ ಏನು ಉತ್ತರ ಕೊಡುತ್ತಿದೆ ಅಂತ ಒಂದಿಷ್ಟು ಹೇಳುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತೊಂದರೆ ಶುರುವಾಗುವುದು ಗೆರೆ ಎಳೆಯುವಾಗ, ಅಂದರೆ ಯಾವ ಸಂಖ್ಯೆಯಿಂದ ಆಚೆಗೆ ಅಪಾಯ ಅಂತ ಗೊತ್ತು ಮಾಡುವಾಗ.

ನಮ್ಮ ಉದಾಹರಣೆಯ ಎನ್‌ಎಲ್‌ಆರ್ 4.5. ಇದು ಒಳ್ಳೇದಾ ಕೆಟ್ಟದ್ದಾ? ಲಿಂಫೋಮಾದ ಪೇಪರ್‌ಗಳನ್ನು ನೋಡಿದರೆ ಒಬ್ಬರು 2ರ ಮೇಲೆ ಗೆರೆ ಎಳೆದಿದ್ದಾರೆ, ಒಬ್ಬರು 3ರ ಮೇಲೆ, ಇನ್ನೊಬ್ಬರು 6ರ ತನಕ ಹೋಗಿದ್ದಾರೆ. ಒಬ್ಬರ ಗೆರೆ ಪ್ರಕಾರ ಇವರು ಅಪಾಯದ ಗುಂಪು, ಇನ್ನೊಬ್ಬರ ಪ್ರಕಾರ ಸುರಕ್ಷಿತ ಗುಂಪು. ಎಲ್‌ಎಂಆರ್ ಕಥೆಯೂ ಹಾಗೇ. ಹಾಜ್‌ಕಿನ್‌ಗೆ ಪೊರಾಟಾ ತಂಡ 1.1 ಅಂದಿತು, ದೊಡ್ಡ ಬಿ ಕಣದ ಲಿಂಫೋಮಾದಲ್ಲಿ 2.6 ಅಂದವರೂ ಇದ್ದಾರೆ. ನಮ್ಮ ರೋಗಿಯ 2 ಈ ಎರಡರ ನಡುವೆ ನಿಂತಿದೆ.

ಎಸ್ಸೆಸ್ಸೆಲ್ಸಿಯಲ್ಲಿ 35 ಪಾಸ್ ಮಾರ್ಕು ಆಗಿದ್ದ ಕಾಲದಲ್ಲಿ 34 ಬಂದವನಿಗೂ 35 ಬಂದವನಿಗೂ ವಿದ್ಯೆಯಲ್ಲಿ ವ್ಯತ್ಯಾಸ ಇರಲಿಲ್ಲ ಅನ್ನೋದು ಎಲ್ಲ ಮೇಷ್ಟ್ರಿಗೂ ಗೊತ್ತು. ಆದರೂ ಅಲ್ಲಿ ಒಂದು ನ್ಯಾಯ ಇದೆ: ಪಾಸ್ ಮಾರ್ಕು ಎಷ್ಟು ಅನ್ನೋದು ಪರೀಕ್ಷೆಗೆ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಏನಾಗುತ್ತದೆ ಅಂದರೆ ಫಲಿತಾಂಶ ಬಂದ ಮೇಲೆ ಪಾಸ್ ಮಾರ್ಕು ಗೊತ್ತು ಮಾಡುತ್ತಾರೆ. ಯಾರು ಉಳಿದರು ಯಾರು ಹೋದರು ಅಂತ ಗೊತ್ತಾದ ಮೇಲೆ ಕಂಪ್ಯೂಟರ್ ಒಂದೊಂದೇ ಸಂಖ್ಯೆ ಹಿಡಿದು ನೋಡುತ್ತದೆ. ಎಲ್ಲಿ ಗೆರೆ ಎಳೆದರೆ ಎರಡು ಗುಂಪಿನ ಅಂತರ ದೊಡ್ಡದಾಗಿ ಕಾಣುತ್ತದೋ ಅಲ್ಲಿಗೆ ಗೆರೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಡಗ್ಲಸ್ ಆಲ್ಟ್‌ಮನ್ ಮತ್ತು ಜೊತೆಗಾರರು 1994ರಲ್ಲೇ ಇದರ ಅಪಾಯ ಬರೆದಿಟ್ಟಿದ್ದಾರೆ. ಸೂಚಕಕ್ಕೂ ಕಾಯಿಲೆಗೂ ಯಾವ ಸಂಬಂಧ ಇಲ್ಲದಿದ್ದರೂ ಹೀಗೆ ಗೆರೆ ಹುಡುಕಿದರೆ "ಸಂಬಂಧ ಇದೆ" ಅಂತ ಬರುವ ಸಾಧ್ಯತೆ ಶೇ. 5ರ ಬದಲು ಶೇ. 40ರ ಹತ್ತಿರ ಹೋಗಬಹುದು ಅಂತ ಅವರು ತೋರಿಸಿದರು. ಇಷ್ಟು ವರ್ಷ ಆದರೂ ಈ ಅಭ್ಯಾಸ ನಿಂತಿಲ್ಲ.

ಗೆರೆಯೇ ಇಲ್ಲದೆ ಅನುಪಾತವನ್ನು ಇದ್ದ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಬಹುದು. ಒಂದು ಊರಿನ ರೋಗಿಗಳಲ್ಲಿ ಕಂಡಿದ್ದನ್ನು ಇನ್ನೊಂದು ಊರಿನವರಲ್ಲಿ ಪರೀಕ್ಷಿಸಬಹುದು. ಅಂಥ ಪೇಪರ್ ಕಂಡರೆ ನಾನು ನಿಂತು ಓದುತ್ತೇನೆ.

ಚಿಕಿತ್ಸೆ ಬದಲಾದರೆ ಗೆರೆಯ ಅರ್ಥವೂ ಬದಲಾಗುತ್ತದೆ. ಈಗ ಹೇಳಿದ ಐಪಿಎಸ್ ಸ್ಕೋರನ್ನೇ ತೆಗೆದುಕೊಳ್ಳಿ. 1998ರ ಲೆಕ್ಕದಲ್ಲಿ ಸೊನ್ನೆ ಅಂಕದವರಲ್ಲಿ ಶೇ. 84 ಮಂದಿ ಐದು ವರ್ಷಕ್ಕೆ ಕಾಯಿಲೆ ಮುಂದುವರಿಯದೆ ಇದ್ದರು. ಐದು ಅಥವಾ ಜಾಸ್ತಿ ಅಂಕದವರಲ್ಲಿ ಶೇ. 42. ಕೆನಡಾದ ಬ್ರಿಟಿಷ್ ಕೊಲಂಬಿಯಾದವರು ತಮ್ಮ ರೋಗಿಗಳಲ್ಲಿ ಅದೇ ಸ್ಕೋರ್ ಹಾಕಿ 2012ರಲ್ಲಿ ಪ್ರಕಟಿಸಿದಾಗ ಆ ಎರಡು ತುದಿಯ ಸಂಖ್ಯೆಗಳು ಶೇ. 88 ಮತ್ತು ಶೇ. 62 ಆಗಿದ್ದವು. ಅಂದರೆ ಕೆಟ್ಟ ಸ್ಕೋರ್‌ನವರಲ್ಲೂ ಹೆಚ್ಚಿನವರು ಚೆನ್ನಾಗಿದ್ದರು. ಹಳೇ ಪೇಪರ್ ಓದಿ ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ನಮ್ಮ ಕಡೆಯ ವಿಷಯ. ಅಮೆರಿಕದ ರೋಗಿಗಳಲ್ಲಿ ಎಳೆದ ಗೆರೆ ನಮ್ಮವರಿಗೆ ಒಗ್ಗುತ್ತದೆ ಅಂತ ಕಣ್ಣು ಮುಚ್ಚಿ ನಂಬಲು ಆಗಲ್ಲ. ಮೊದಲನೇ ಕಾರಣ ಟಿಬಿ.

ಲಿಂಫೋಮಾಕ್ಕೂ ಟಿಬಿಗೂ ಇರುವ ಗೊಂದಲ ಇವತ್ತಿನದಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್‌ಕಿನ್ 1832ರಲ್ಲಿ ಗಂಟು ಮತ್ತು ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಸತ್ತ ಏಳು ಜನರ ಬಗ್ಗೆ ಬರೆದರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಆ ದೊಡ್ಡ ಕಣವನ್ನು ವಿವರವಾಗಿ ಬರೆದರು, ಆದರೆ ಅದು ಟಿಬಿಯದೇ ಒಂದು ವಿಚಿತ್ರ ರೂಪ ಅಂದುಕೊಂಡರು. 1902ರಲ್ಲಿ ಬಾಲ್ಟಿಮೋರಿನ ಡೊರೊಥಿ ರೀಡ್ ಅನ್ನೋ ಹೆಣ್ಣುಮಗಳು ಸ್ಲೈಡ್‌ಗಳನ್ನು ಕೂತು ನೋಡಿ, ಇದು ಟಿಬಿ ಅಲ್ಲ, ಬೇರೆಯೇ ಕಾಯಿಲೆ ಅಂತ ವಾದಿಸಿದರು. ಅವರು ಗೆದ್ದರು. ನಮ್ಮಲ್ಲಿ ಮಾತ್ರ ಆ ಗೊಂದಲ ಈಗಲೂ ನಡೆದೇ ಇದೆ. ಹಿಂದೆ ಗಂಡಮಾಲೆ ಅನ್ನುತ್ತಿದ್ದ ಕುತ್ತಿಗೆಯ ಟಿಬಿ ಗಂಟು, ಲಿಂಫೋಮಾದ ಗಂಟು, ಎರಡಕ್ಕೂ ಜ್ವರ ಬರುತ್ತದೆ, ರಾತ್ರಿ ಬೆವರುತ್ತದೆ, ತೂಕ ಇಳಿಯುತ್ತದೆ. ಬಯಾಪ್ಸಿ ಮಾಡದೆ ಟಿಬಿ ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಕಳೆದು ಬರುವವರಿದ್ದಾರೆ.

ಟಿಬಿ ತಾನೂ ಮೊನೊಸೈಟ್ ಏರಿಸಬಲ್ಲದು, ಲಿಂಫೋಸೈಟ್ ಇಳಿಸಬಲ್ಲದು. ಇದು ಕೂಡ ಹಳೇ ಸುದ್ದಿಯೇ, 1920ರ ದಶಕದಲ್ಲೇ ಫ್ಲಾರೆನ್ಸ್ ಸೇಬಿನ್ ಮತ್ತು ಜೊತೆಗಾರರು ಟಿಬಿಯಲ್ಲಿ ಮೊನೊಸೈಟಿನ ಪಾತ್ರದ ಮೇಲೆ ಕೆಲಸ ಮಾಡಿದ್ದರು. ಹಾಗಾಗಿ ಎಲ್‌ಎಂಆರ್ ಕಡಿಮೆ ಇದೆ ಅಂದರೆ ಲಿಂಫೋಮಾ ಜೋರಾಗಿದೆ ಅಂತಲೋ, ಜೊತೆಗೆ ಟಿಬಿ ಇದೆ ಅಂತಲೋ? ಭಾಗಾಕಾರಕ್ಕೆ ಅದು ಗೊತ್ತಾಗುವುದಿಲ್ಲ. ಎಚ್‌ಐವಿ ಇದ್ದರೂ ಲಿಂಫೋಸೈಟ್ ಇಳಿಯುತ್ತದೆ. ಹಲ್ಲಿನ ಕೀವು, ಮೂತ್ರದ ಸೋಂಕು, ನ್ಯುಮೋನಿಯಾ, ಯಾವುದಾದರೂ ಸರಿ ನ್ಯೂಟ್ರೋಫಿಲ್ ಏರುತ್ತದೆ.

ಎರಡನೇ ಕಾರಣ ಸ್ಟೀರಾಯ್ಡ್. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಗಂಟು ಊದಿದೆ, ಮೈ ಕಡಿತ, ಜ್ವರ ಅಂತ ಹೋದರೆ ಒಂದು ಡೆಕ್ಸಾ ಇಂಜೆಕ್ಷನ್ ಕೊಟ್ಟು ಕಳಿಸುವ ಕ್ಲಿನಿಕ್‌ಗಳು ಇನ್ನೂ ಇವೆ. ಸ್ಟೀರಾಯ್ಡ್ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ, ರಕ್ತನಾಳದ ಗೋಡೆಗೆ ಒರಗಿ ಕೂತಿದ್ದ ನ್ಯೂಟ್ರೋಫಿಲ್‌ಗಳು ಎದ್ದು ಹರಿವಿಗೆ ಬರುತ್ತವೆ. ಲಿಂಫೋಸೈಟ್‌ಗಳು ರಕ್ತ ಬಿಟ್ಟು ಬೇರೆಡೆ ಹೋಗುತ್ತವೆ. ಬೆಳಗ್ಗೆ 3 ಇದ್ದ ಎನ್‌ಎಲ್‌ಆರ್ ಸಂಜೆಗೆ ಎರಡು ಪಟ್ಟು ಆಗಿದ್ದರೆ ಆಶ್ಚರ್ಯ ಇಲ್ಲ. ಕಾಯಿಲೆ ಇದ್ದಲ್ಲೇ ಇದೆ, ಸಂಖ್ಯೆ ಓಡಿದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಲಿಂಫೋಮಾ ಕಣಗಳು ಸ್ಟೀರಾಯ್ಡಿಗೆ ಬೇಗ ಕರಗುತ್ತವೆ. ಗಂಟು ಚಿಕ್ಕದಾಗುತ್ತದೆ, ರೋಗಿಗೆ ಖುಷಿ ಆಗುತ್ತದೆ, ಆಮೇಲೆ ತೆಗೆದ ಬಯಾಪ್ಸಿಯಲ್ಲಿ ಎಷ್ಟೋ ಸಲ ನಮಗೆ ಸತ್ತ ಕಣ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಾರಣ ತಿಳಿಯದ ಗಂಟಿದ್ದರೆ ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಬೇಡ. ತಗೊಂಡಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಕೀಮೋ ಶುರುವಾದ ಮೇಲೆ ಬಿಳಿ ಕಣ ಏರಿಸಲು ಹೊಟ್ಟೆಗೋ ತೋಳಿಗೋ ಕೊಡುವ ಇಂಜೆಕ್ಷನ್ ಕೂಡ ನ್ಯೂಟ್ರೋಫಿಲನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೇ ಅಧ್ಯಯನಗಳಲ್ಲಿ ಹೆಚ್ಚಾಗಿ ನೋಡುವುದು ಚಿಕಿತ್ಸೆ ಶುರುವಾಗುವ ಮುಂಚಿನ ರಿಪೋರ್ಟನ್ನು. ಮೂರನೇ ಕೀಮೋ ಆದ ಮೇಲಿನ ಸಿಬಿಸಿ ಹಿಡಿದು ಎನ್‌ಎಲ್‌ಆರ್ ಹಾಕಿ, ಪೇಪರಿನ ಗೆರೆಗೆ ಹೋಲಿಸಿ ಅಳುವುದರಲ್ಲಿ ಅರ್ಥ ಇಲ್ಲ. ಸಣ್ಣ ಮಕ್ಕಳಿಗೂ ಈ ಗೆರೆ ಹಚ್ಚಬೇಡಿ. ಅವರ ರಕ್ತದಲ್ಲಿ ಲಿಂಫೋಸೈಟೇ ಜಾಸ್ತಿ ಇರುವುದು ಸಹಜ.

ಇನ್ನೊಂದು ಮುಖ್ಯ ವಿಷಯ. ಲಿಂಫೋಮಾ ಅನ್ನೋದು ಒಂದೇ ಕಾಯಿಲೆ ಅಲ್ಲ, ಹತ್ತಾರು ಬಗೆ ಇವೆ. ಮ್ಯಾಂಟಲ್ ಸೆಲ್, ಗುಲ್ಮದ ಮಾರ್ಜಿನಲ್ ಝೋನ್, ಸಿಎಲ್‌ಎಲ್ ಥರದವುಗಳಲ್ಲಿ ಕ್ಯಾನ್ಸರ್ ಕಣಗಳೇ ರಕ್ತಕ್ಕೆ ಇಳಿದು ಓಡಾಡುತ್ತವೆ. ಮೆಷೀನ್ ಅವುಗಳನ್ನೂ "ಲಿಂಫೋಸೈಟ್" ಅಂತ ಎಣಿಸಿಬಿಡುತ್ತದೆ. ಎನ್‌ಎಲ್‌ಆರ್ ಚಿಕ್ಕದಾಗಿ ಮುದ್ದಾಗಿ ಬರುತ್ತದೆ. ಕಾವಲಿನವರ ಲೆಕ್ಕಕ್ಕೆ ಕಳ್ಳರನ್ನೂ ಸೇರಿಸಿಕೊಂಡಂತಾಯಿತು!

ಲ್ಯಾಬ್‌ನವರು ಇಷ್ಟು ಜನ ಬಂದಿದ್ದೀರಿ, ನಿಮಗಾಗಿ ಒಂದು ಲೆಕ್ಕ. ಲೀಶ್‌ಮನ್ ಬಣ್ಣ ಹಚ್ಚಿದ ಸ್ಮಿಯರ್ ಇಟ್ಟುಕೊಂಡು ಕೈಯಲ್ಲಿ 100 ಕಣ ಎಣಿಸುತ್ತೀರಿ. ಮೊನೊಸೈಟ್ 4 ಬಂತು. ರಿಪೋರ್ಟಿನಲ್ಲಿ ಶೇ. 4 ಅಂತ ಬರೆಯುತ್ತೀರಿ. ಆದರೆ 100 ಕಣದಲ್ಲಿ 4 ಸಿಕ್ಕಿದೆ ಅಂದರೆ ನಿಜವಾದ ಸಂಖ್ಯೆ 1ರಿಂದ 10ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇದು ನಿಮ್ಮ ತಪ್ಪಲ್ಲ, ಸಣ್ಣ ಎಣಿಕೆಯ ಗುಣವೇ ಅದು. ಲಿಂಫೋಸೈಟ್ 24 ಅಂತಿಟ್ಟುಕೊಂಡರೆ ಎಲ್‌ಎಂಆರ್ 6. ಮೊನೊಸೈಟ್ ನಿಜವಾಗಿ 10 ಇದ್ದರೆ ಅದೇ 2.4. ನಿಜವಾಗಿ 1 ಇದ್ದರೆ 24. ಇಂಥ ತೂಗಾಡುವ ಸಂಖ್ಯೆಯನ್ನು ಕೆಳಗಿಟ್ಟು ಭಾಗಿಸಿ, ಬಂದ ಉತ್ತರಕ್ಕೆ ದಶಮಾಂಶ ಬೇರೆ ಹಾಕುತ್ತೇವೆ. ಆಟೋಮ್ಯಾಟಿಕ್ ಕೌಂಟರ್ ಸಾವಿರಾರು ಕಣ ಎಣಿಸುವುದರಿಂದ ಈ ತೂಗಾಟ ತುಂಬಾ ಕಡಿಮೆ. ಆದರೆ ಮೆಷೀನ್‌ಗೂ ಮೊನೊಸೈಟ್ ಮತ್ತು ದೊಡ್ಡ ಅಸಹಜ ಲಿಂಫೋಸೈಟ್ ಬೇರೆ ಮಾಡುವುದು ಕಷ್ಟ. ಮೆಷೀನ್ ಫ್ಲ್ಯಾಗ್, ಅಂದರೆ ಎಚ್ಚರಿಕೆಯ ಗುರುತು, ಕೊಟ್ಟರೆ ಸ್ಲೈಡ್ ನೋಡಲೇಬೇಕು.

ಇನ್ನು ಒಂದು ಗುಂಪಿನ ಮಾತು ಒಬ್ಬರಿಗೆ ಎಷ್ಟು ಅನ್ವಯ ಅನ್ನೋದು. ಪೇಪರಿನಲ್ಲಿ "ಎನ್‌ಎಲ್‌ಆರ್ ಜಾಸ್ತಿ ಇದ್ದವರಿಗೆ ಸಾವಿನ ಅಪಾಯ ಎರಡು ಪಟ್ಟು" ಅಂತ ಇರುತ್ತದೆ. ಓದಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ತಿಳಿಯಲಿ ಅಂತ ಒಂದು ಕಾಲ್ಪನಿಕ ಲೆಕ್ಕ ಹಾಕುತ್ತೇನೆ. ಅನುಪಾತ ಕಡಿಮೆ ಇರುವ 100 ಜನರಲ್ಲಿ ಐದು ವರ್ಷಕ್ಕೆ 85 ಮಂದಿ ಇದ್ದಾರೆ ಅನ್ನಿ. ಎರಡು ಪಟ್ಟು ಅಪಾಯ ಅಂದರೆ ಇನ್ನೊಂದು ಗುಂಪಿನಲ್ಲಿ ಹತ್ತಿರ ಹತ್ತಿರ 72 ಮಂದಿ ಇರುತ್ತಾರೆ. ವ್ಯತ್ಯಾಸ ಇದೆ, ಚಿಕ್ಕದೇನಲ್ಲ. ಆದರೆ "ಕೆಟ್ಟ" ಗುಂಪಿನಲ್ಲೂ ನಾಲ್ವರಲ್ಲಿ ಸುಮಾರು ಮೂವರು ಉಳಿದಿದ್ದಾರೆ, "ಒಳ್ಳೆಯ" ಗುಂಪಿನಲ್ಲೂ 15 ಮಂದಿ ಹೋಗಿದ್ದಾರೆ. ನಿಮ್ಮ ಅಪ್ಪ ಆ 72ರಲ್ಲೋ ಉಳಿದ 28ರಲ್ಲೋ ಅಂತ ಈ ಭಾಗಾಕಾರ ಹೇಳಲಾರದು.

ಚಿಕಿತ್ಸೆ ಯಾವುದು ಅಂತಲೂ ಅದು ಹೇಳುವುದಿಲ್ಲ. ಹಾಜ್‌ಕಿನ್‌ನಲ್ಲಿ ಎಬಿವಿಡಿ ಅನ್ನೋ ನಾಲ್ಕು ಔಷಧಗಳ ಕೀಮೋ ಎರಡು ಸೈಕಲ್ ಆದ ಮೇಲೆ ಪೆಟ್ ಸ್ಕ್ಯಾನ್ ಮಾಡಿ, ಡೋವಿಲ್ ಅನ್ನೋ ಐದು ಅಂಕದ ಅಳತೆಯಲ್ಲಿ ಓದುತ್ತಾರೆ. ಅದು ಚೆನ್ನಾಗಿ ಬಂದರೆ ಆ ನಾಲ್ಕರಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಕೊಡುವ ಬ್ಲಿಯೋಮೈಸಿನ್ ಬಿಡಬಹುದು ಅಂತ 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನ ತೋರಿಸಿತು. ಆ ಸ್ಕ್ಯಾನ್ ನೋಡಿ ಡಾಕ್ಟರು ಔಷಧ ಬದಲಿಸುತ್ತಾರೆ. ಎನ್‌ಎಲ್‌ಆರ್ ನೋಡಿ ಬದಲಿಸುವುದಿಲ್ಲ. ಕಡಿಮೆ ಖರ್ಚಿನ ಟೆಸ್ಟ್ ಅನ್ನೋ ಕಾರಣಕ್ಕೆ ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇಎಸ್‌ಆರ್ ಗೊತ್ತಲ್ಲ, ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆ ಕಾಯುವ ಹಳೇ ಟೆಸ್ಟ್. ಆರಂಭದ ಹಂತದ ಹಾಜ್‌ಕಿನ್‌ನಲ್ಲಿ ಇಎಸ್‌ಆರ್ 50 ದಾಟಿದರೆ, ಜ್ವರ-ಬೆವರು-ತೂಕ ಇಳಿಕೆ ಇದ್ದವರಲ್ಲಿ 30 ದಾಟಿದರೆ, ರೋಗಿಯನ್ನು ಬೇರೆ ಗುಂಪಿಗೆ ಹಾಕುವ ಪದ್ಧತಿ ಯುರೋಪಿನಲ್ಲಿ ಇವತ್ತಿಗೂ ಇದೆ. ಅನುಪಾತಗಳು ಇನ್ನೂ ಆ ಜಾಗಕ್ಕೆ ಬಂದಿಲ್ಲ, ಅಷ್ಟೇ.

ಇನ್ನು ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಸರ್, ಎನ್‌ಎಲ್‌ಆರ್ ಇಳಿಸೋಕೆ ಏನು ತಿನ್ನಬೇಕು?" ಇಳಿಸಬೇಕಾದ್ದು ಕಾಯಿಲೆಯನ್ನು, ಸಂಖ್ಯೆಯನ್ನಲ್ಲ. ಪಪ್ಪಾಯಿ ಎಲೆ ರಸ, ಗೋಧಿ ಹುಲ್ಲಿನ ರಸ ಅಂತ ಯಾರಾದರೂ ಹೇಳಿದರೆ ಕೀಮೋ ನಡೆಯುವಾಗ ಡಾಕ್ಟರನ್ನು ಕೇಳದೆ ತಗೋಬೇಡಿ. ಬಿಸಿಯಾದ ಮನೆ ಊಟ, ಕಾಯಿಸಿದ ನೀರು ಸಾಕು.

ಒಬ್ಬ ತಾಯಿ ಕೇಳಿದರು: ಮಗನಿಗೆ ಗಂಟಿದೆ, ಎನ್‌ಎಲ್‌ಆರ್ ನಾರ್ಮಲ್ ಬಂದಿದೆ, ಹಾಗಾದರೆ ಲಿಂಫೋಮಾ ಇಲ್ಲ ಅಂತ ತಾನೆ? ಇಲ್ಲಮ್ಮ, ಹಾಗಲ್ಲ. ಲಿಂಫೋಮಾ ಇದೆಯೋ ಇಲ್ಲವೋ ಅಂತ ಹೇಳುವ ಟೆಸ್ಟೇ ಅಲ್ಲ ಅದು. ಸಿಬಿಸಿ ಪೂರ್ತಿ ನಾರ್ಮಲ್ ಇದ್ದೂ ಲಿಂಫೋಮಾ ಇರಬಹುದು. ಗಂಟು ಹೋಗದೆ ವಾರಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ. ಬಯಾಪ್ಸಿ ಬೇಕು ಅಂದರೆ ಮಾಡಿಸಿ. ಸೂಜಿ ಚುಚ್ಚಿ ತೆಗೆಯುವ ಎಫ್‌ಎನ್‌ಎಸಿ ಎಷ್ಟೋ ಸಲ ಸಾಲುವುದಿಲ್ಲ, ಗಂಟನ್ನೇ ತೆಗೆದು ನೋಡಬೇಕಾಗುತ್ತದೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ.

ಕೊನೇ ಪ್ರಶ್ನೆ ಚಿಕಿತ್ಸೆ ಮುಗಿಸಿದವರೊಬ್ಬರದ್ದು. ಪ್ರತಿ ಸಲ ಚೆಕಪ್‌ಗೆ ಹೋದಾಗ ಸಿಬಿಸಿ ನೋಡಿ ಅನುಪಾತ ಹಾಕಿಕೊಂಡು ಡೈರಿಯಲ್ಲಿ ಬರೆದಿಡುತ್ತಾರಂತೆ. ಬರೆದಿಡಿ, ತಪ್ಪೇನಿಲ್ಲ. ಆದರೆ ಕೀಮೋ ಆದ ಮೇಲೆ ಲಿಂಫೋಸೈಟ್ ಮೊದಲಿನ ಮಟ್ಟಕ್ಕೆ ಬರಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಎನ್‌ಎಲ್‌ಆರ್ ಮೇಲೆ ಕೆಳಗೆ ಆಡುತ್ತದೆ. ಒಂದು ನೆಗಡಿ ಬಂದರೂ ಆಡುತ್ತದೆ. ಆ ಡೈರಿಯಲ್ಲಿ ಅನುಪಾತದ ಪಕ್ಕ ಇನ್ನೊಂದು ಕಾಲಂ ಹಾಕಿ ತೂಕ ಬರೆಯಿರಿ. ಏನೂ ಪ್ರಯತ್ನ ಮಾಡದೆ ಆರು ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಜಾಸ್ತಿ ಇಳಿದರೆ, ಅಂದರೆ 60 ಕೆಜಿ ಇದ್ದವರು 54ಕ್ಕಿಂತ ಕೆಳಗೆ ಬಂದರೆ, ಅಥವಾ ರಾತ್ರಿ ಹಾಸಿಗೆ ಬಟ್ಟೆ ಬದಲಿಸುವಷ್ಟು ಬೆವರಿದರೆ, ಕಾರಣ ಇಲ್ಲದ ಜ್ವರ ಬಂದು ಹೋಗುತ್ತಿದ್ದರೆ, ಹೊಸ ಗಂಟು ಕೈಗೆ ಸಿಕ್ಕರೆ, ಸಿಬಿಸಿ ಎಷ್ಟೇ ಚೆನ್ನಾಗಿರಲಿ, ಮುಂದಿನ ಚೆಕಪ್ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗಿ.